ಪ್ಲಾಸ್ಟಿಕ್ಕಿಗೆ ಬೆರೆಸುವ ಪುಡಿ

ಕೇಳುಗರೇ, ನಮಸ್ಕಾರ.

ಪ್ಲಾಸ್ಟಿಕ್ ಕುರ್ಚಿಯ ಕಾಲು ಲಟಕ್ಕನೆ ಮುರಿದಾಗ ಪಕ್ಕದಲ್ಲಿದ್ದವರು ಆಡುವ ಮಾತು ಒಂದೇ: "ಸುಣ್ಣದ ಪುಡಿ ಬೆರೆಸಿದ್ದಾರೆ." ಅನುಮಾನ ಸುಳ್ಳಲ್ಲ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ದಾನಾ, ಅಂದರೆ ಕಾಳುಗಳ ಜೊತೆ ಸುಣ್ಣದಕಲ್ಲಿನ ನುಣ್ಣನೆ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸೇರಿಸುವುದು ಈ ಉದ್ಯಮದಲ್ಲಿ ತುಂಬ ಸಾಮಾನ್ಯ. ಅದಕ್ಕೆ ಫಿಲ್ಲರ್ ಎನ್ನುತ್ತಾರೆ. ಪ್ಲಾಸ್ಟಿಕ್ಕಿಗಿಂತ ಅಗ್ಗ ಎನ್ನುವುದೂ ನಿಜ. ಆದರೆ ಪುಡಿ ಬೆರೆತ ಮಾತ್ರಕ್ಕೆ ಮಾಲು ಕಳಪೆ ಎಂದು ತೀರ್ಪು ಕೊಡುವುದು ನ್ಯಾಯವಲ್ಲ.

ಇಲ್ಲಿ ಎರಡು ಗುಣಗಳನ್ನು ಬೇರೆಬೇರೆಯಾಗಿ ನೋಡಬೇಕು. ಭಾರ ಹಾಕಿದರೂ ಹೆಚ್ಚು ಬಾಗದಿರುವುದು ಬಿಗಿತ. ಪೆಟ್ಟು ಬಿದ್ದಾಗ ಆ ಶಕ್ತಿಯನ್ನು ನುಂಗಿಕೊಂಡು ಸೀಳದೆ ಉಳಿಯುವುದು ತಾಳಿಕೆ. ಗಾಜಿನಲ್ಲಿ ಬಿಗಿತ ಬೇಕಾದಷ್ಟಿದೆ, ತಾಳಿಕೆ ಇಲ್ಲ. ಪಾಲಿಥಿನ್ ಚೀಲದ್ದು ಇದಕ್ಕೆ ತಿರುಗುಮುರುಗು.

ಕಲ್ಲಿನ ಕಣ ಪ್ಲಾಸ್ಟಿಕ್ಕಿಗಿಂತ ಹತ್ತಾರು ಪಟ್ಟು ಬಿಗಿ. ಆದ್ದರಿಂದ ಪುಡಿ ಹೆಚ್ಚಿದಷ್ಟೂ ವಸ್ತು ಬಾಗುವುದು ಕಡಿಮೆಯಾಗುತ್ತದೆ. ಕಣದ ಆಕಾರಕ್ಕೂ ಇದರಲ್ಲಿ ಪಾಲಿದೆ: ಚಪ್ಪಟೆ ಕಣಗಳ ಟಾಲ್ಕ್ ಎಂಬ ಖನಿಜದ ಪುಡಿ ಇನ್ನಷ್ಟು ಬಿಗಿತ ಕೊಡುವುದರಿಂದಲೇ ಕಾರಿನ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿಗೆ ಅದನ್ನು ಸೇರಿಸುತ್ತಾರೆ. ತೊಡಕಿರುವುದು ತಾಳಿಕೆಯಲ್ಲಿ. ಎಳೆತ ಬಿದ್ದಾಗ ಒತ್ತಡವೆಲ್ಲ ಕಣದ ಸುತ್ತ ಕೂಡಿಕೊಳ್ಳುತ್ತದೆ. ಕಣ ದಪ್ಪವಿದ್ದರೆ, ಅಥವಾ ಸಣ್ಣ ಕಣಗಳೇ ಉಂಡೆಗಟ್ಟಿದ್ದರೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ.

ತಾಳಿಕೆ ಹೆಚ್ಚಿಸುವ ಹಳೆಯ ದಾರಿ ರಬ್ಬರ್. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಬರೀ ಆಗಿದ್ದರೆ ತೀರಾ ಪೆಡಸು. ಅದರೊಳಗೆ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಅಳತೆಯ ರಬ್ಬರ್ ಕಣಗಳನ್ನು ಹರಡಿದರೆ ಫ್ರಿಜ್ಜಿನ ಒಳಗೋಡೆಗೆ ಬಳಸುವಷ್ಟು ಗಟ್ಟಿಮುಟ್ಟಾದ ಪ್ಲಾಸ್ಟಿಕ್ ಸಿಗುತ್ತದೆ. ಒಂದು ದೊಡ್ಡ ಬಿರುಕಾಗಿ ಹೋಗಬೇಕಿದ್ದ ಶಕ್ತಿ ಕಣಕಣದ ಬಳಿಯೂ ಹುಟ್ಟುವ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಸೀಳುಗಳಲ್ಲಿ ಹಂಚಿಹೋಗುತ್ತದೆ. ಅಂಥ ಪ್ಲಾಸ್ಟಿಕ್ಕನ್ನು ಬಗ್ಗಿಸಿದಾಗ ಮಡಿಕೆಯಲ್ಲಿ ಬಿಳಿಚಿಕೊಳ್ಳುವುದು ಇದರಿಂದಲೇ. ಆದರೆ ರಬ್ಬರ್ ಮೆತ್ತಗಿನದು. ತಾಳಿಕೆ ಬಂದಷ್ಟೂ ಬಿಗಿತ ಇಳಿಯುತ್ತದೆ.

ಹಾಗಾದರೆ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕೇ? 1985ರಲ್ಲಿ ಡ್ಯುಪಾಂಟ್ ಕಂಪನಿಯ ಸೌಹೆಂಗ್ ವೂ ನೈಲಾನ್ ಮತ್ತು ರಬ್ಬರಿನ ಮಿಶ್ರಣದಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು. ಅಕ್ಕಪಕ್ಕದ ಕಣಗಳ ನಡುವಿನ ಪ್ಲಾಸ್ಟಿಕ್ ಪದರ ಸುಮಾರು 0.3 ಮೈಕ್ರಾನಿಗಿಂತ ತೆಳುವಾದರೆ ಪೆಡಸು ನೈಲಾನ್ ಥಟ್ಟನೆ ತಾಳಿಕೆಯ ನೈಲಾನ್ ಆಗುತ್ತದೆ. ತೆಳುವಾದ ಪದರ ಸೀಳುವ ಬದಲು ಹಿಗ್ಗುತ್ತದೆ.

ನನಗೆ ಬಹಳ ಮೆಚ್ಚುಗೆಯಾದದ್ದು ಮುಂದಿನ ಹೆಜ್ಜೆ. ಅಂತರವೇ ಮುಖ್ಯವಾದರೆ ಕಣ ರಬ್ಬರೇ ಆಗಬೇಕೇಕೆ? ಅಮೆರಿಕದ ಎಂಐಟಿಯ ಅಲಿ ಆರ್ಗನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಗಟ್ಟಿ ಪಾಲಿಥಿನ್‌ಗೆ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದರು. ಪದರದ ದಪ್ಪ ಸುಮಾರು 0.6 ಮೈಕ್ರಾನಿಗಿಂತ ಕೆಳಗಿಳಿದಾಗ ತಾಳಿಕೆ ಜಿಗಿಯಿತು, ಬಿಗಿತವೂ ಏರಿತು! ಕಣಗಳಿಗೆ ಸ್ಟಿಯರೇಟ್ ಎಂಬ ಮೇಣದಂಥ ವಸ್ತುವಿನ ಲೇಪನ ಕೊಟ್ಟಿದ್ದರು. ಲೇಪನವಿದ್ದರೆ ಪುಡಿ ಉಂಡೆಗಟ್ಟುವುದಿಲ್ಲ; ಎಳೆತ ಬಿದ್ದಾಗ ಕಣ ಪ್ಲಾಸ್ಟಿಕ್ಕಿನಿಂದ ಸುಲಭವಾಗಿ ಬಿಡಿಸಿಕೊಂಡು, ಸುತ್ತಲಿನ ಪದರಕ್ಕೆ ಹಿಗ್ಗಲು ಜಾಗ ಬಿಡುತ್ತದೆ. ಬಿಗಿಯಾಗಿ ಅಂಟಿದಷ್ಟೂ ಒಳ್ಳೆಯದು ಎಂದುಕೊಳ್ಳುವವರಿಗೆ ಇದು ಅಚ್ಚರಿ ತರಬಹುದು.

ಮೋಲ್ಡಿಂಗ್ ಘಟಕ ನಡೆಸುವವರಿಗೆ ನನ್ನದೊಂದು ಮಾತು. ಫಿಲ್ಲರ್ ಮಾಸ್ಟರ್‌ಬ್ಯಾಚ್, ಅಂದರೆ ಪುಡಿಯನ್ನು ಮೊದಲೇ ಒತ್ತಾಗಿ ಬೆರೆಸಿಟ್ಟ ದಾನಾ, ಕೊಳ್ಳುವಾಗ ಕೆಜಿಗೆ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಕಣದ ಅಳತೆ ಎಷ್ಟು, ಲೇಪನ ಇದೆಯೇ ಎಂದೂ ಕೇಳಿ. ಮಾದರಿಯನ್ನು ಸುಟ್ಟು ಬೂದಿ ತೂಗಿದರೆ ಪುಡಿ ಎಷ್ಟಿತ್ತು ಎನ್ನುವುದಷ್ಟೇ ತಿಳಿಯುತ್ತದೆ, ಅದು ಹೇಗೆ ಹರಡಿತ್ತು ಎನ್ನುವುದಲ್ಲ. ಆದ್ದರಿಂದ ತಾಳಿಕೆ ತಿಳಿಯಲು ಐಜಾಡ್ ಪರೀಕ್ಷೆ ಮಾಡಿಸಿ: ಕಚ್ಚು ಹಾಕಿದ ಪಟ್ಟಿಗೆ ಲೋಲಕದಿಂದ ಹೊಡೆದು, ಮುರಿಯಲು ಎಷ್ಟು ಶಕ್ತಿ ಬೇಕಾಯಿತೆಂದು ಅಳೆಯುತ್ತಾರೆ. ಮೈಸೂರಿನ ಸಿಪೆಟ್‌ನಂಥ ಸಂಸ್ಥೆಗಳಲ್ಲಿ ಪ್ಲಾಸ್ಟಿಕ್ ಪರೀಕ್ಷೆಯ ಸೌಲಭ್ಯವಿದೆ.

ನಮಸ್ಕಾರ.