ಮ್ಯಾಡ್ರಿಡ್‌ಗೆ ಎರಡು ದಾರಿ: ಲಿವರ್‌ಪೂಲ್, ಟಾಟನ್‌ಹ್ಯಾಮ್ 2019ರ ಫೈನಲ್ ತಲುಪಿದ್ದು ಹೇಗೆ?

[ಪರದೆ: ಯುರೋಪಿನ ನಕ್ಷೆ. ಲಿವರ್‌ಪೂಲ್‌ನಿಂದ ಒಂದು ಕೆಂಪು ಗೆರೆ, ಉತ್ತರ ಲಂಡನ್‌ನಿಂದ ಒಂದು ಬಿಳಿ ಗೆರೆ, ಎರಡೂ ಮ್ಯಾಡ್ರಿಡ್ ಕಡೆಗೆ]

ನಮಸ್ಕಾರ. 2019ರ ಜೂನ್ 1ರಂದು ಮ್ಯಾಡ್ರಿಡ್‌ನಲ್ಲಿ ಯುರೋಪಿನ ಕ್ಲಬ್ ಫುಟ್‌ಬಾಲ್‌ನ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ್ದು ಇಂಗ್ಲೆಂಡಿನದೇ ಎರಡು ಕ್ಲಬ್‌ಗಳು, ಲಿವರ್‌ಪೂಲ್ ಮತ್ತು ಟಾಟನ್‌ಹ್ಯಾಮ್. ಆ ಫೈನಲ್ ಬಗ್ಗೆ ಹೇಳೋಕೆ ಹೆಚ್ಚೇನೂ ಇಲ್ಲ. ಆದರೆ ಇವರಿಬ್ಬರೂ ಅಲ್ಲಿಗೆ ಬಂದ ದಾರಿ ಇದೆಯಲ್ಲ, ಅಂಥದ್ದನ್ನ ನಾನಂತೂ ಮತ್ತೆ ನೋಡಿಲ್ಲ.

ಆ ದಾರಿಯ ಬಗ್ಗೆ ಮಾತು ಬಂದಾಗಲೆಲ್ಲ ಜನ "ಪವಾಡ" ಅಂತ ಹೇಳಿ ಮುಗಿಸಿಬಿಡ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಪಂದ್ಯಗಳ ಹಿಂದೆ ಒಂದು ಲೆಕ್ಕ ಇತ್ತು. ಈಗ ರದ್ದಾಗಿರೋ ಒಂದು ನಿಯಮ ಇತ್ತು. ಅದನ್ನ ತಲೆಯಲ್ಲಿಟ್ಟುಕೊಂಡು ನೋಡಿದರೆ ಆಟಗಾರರು ಯಾಕೆ ಹಾಗೆ ಓಡಿದರು, ಯಾಕೆ ಹಾಗೆ ಹೆದರಿದರು ಅನ್ನೋದು ಬಿಡಿಸಿಟ್ಟ ಹಾಗೆ ಕಾಣುತ್ತೆ.

[ಪರದೆ: ಅವೇ ಗೋಲ್ ನಿಯಮ]

ನಾಕೌಟ್‌ನಲ್ಲಿ ಎರಡು ಲೆಗ್ ಇರುತ್ತೆ. ಒಂದು ನಮ್ಮ ಊರಲ್ಲಿ, ಒಂದು ಅವರ ಊರಲ್ಲಿ. ಎರಡೂ ಪಂದ್ಯದ ಗೋಲು ಕೂಡಿಸಿದಾಗ ಸಮ ಬಂದರೆ, ಎದುರಾಳಿಯ ಊರಲ್ಲಿ ಯಾರು ಹೆಚ್ಚು ಗೋಲು ಹೊಡೆದಿದ್ದಾರೋ ಅವರು ಮುಂದಕ್ಕೆ. ಹೀಗೆ ಹೊರಗೆ ಹೊಡೆದ ಗೋಲೇ ಅವೇ ಗೋಲ್. ಇಷ್ಟೇ ನಿಯಮ.

ನಮ್ಮವರದೇ ಉದಾಹರಣೆ ತಗೊಳ್ಳಿ. 2016ರಲ್ಲಿ ಬೆಂಗಳೂರು ಎಫ್‌ಸಿ, ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡದ ಎದುರು ಅವರ ನೆಲದಲ್ಲೇ 1-1 ಮಾಡಿಕೊಂಡು ಬಂತು. ಆ ಒಂದು ಗೋಲಿನಿಂದಾಗಿ ಕಂಠೀರವದಲ್ಲಿ 0-0 ಆಗಿದ್ದರೂ ಬೆಂಗಳೂರು ಫೈನಲ್‌ಗೆ ಹೋಗ್ತಿತ್ತು. ಆದರೆ ಕಂಠೀರವದಲ್ಲಿ ಮೊದಲು ಗೋಲು ಹೊಡೆದದ್ದು ಜೊಹೊರ್. ಅದುವರೆಗೆ ಇದ್ದ ಅನುಕೂಲ ಒಂದೇ ಏಟಿಗೆ ಹೋಯಿತು. ಆಮೇಲೆ ಸುನಿಲ್ ಛೆತ್ರಿ ಎರಡು, ಹುವಾನನ್ ಒಂದು ಹೊಡೆದು 3-1 ಆದಾಗಲೇ ಕ್ರೀಡಾಂಗಣ ನೆಮ್ಮದಿಯಾಗಿ ಉಸಿರಾಡಿದ್ದು. ಹೊರಗೆ ಹೊಡೆದ ಗೋಲಿನ ತೂಕವೇ ಬೇರೆ ಇತ್ತು ಅಂತ ಹೇಳೋದಕ್ಕೆ ಇದು ಸಾಕು.

ಈಗ ಯುರೋಪಿಗೆ ಹೋಗೋಣ.

[ಪರದೆ: ಗುಂಪು ಹಂತ, 2018]

ಲಿವರ್‌ಪೂಲ್ ಹಿಂದಿನ ವರ್ಷವೂ ಫೈನಲ್ ಆಡಿತ್ತು. ಕೀವ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 3-1 ಸೋಲು, ಗೋಲ್‌ಕೀಪರ್ ಕಾರಿಯಸ್‌ನ ಎರಡು ದೊಡ್ಡ ತಪ್ಪು. ಆ ಬೇಸಿಗೆಯಲ್ಲೇ ಅವರು ರೋಮಾದಿಂದ ಅಲಿಸನ್‌ನನ್ನ ತಂದರು. ಡಿಫೆನ್ಸ್‌ಗೆ ವರ್ಜಿಲ್ ವಾನ್ ಡೈಕ್ ಆಗಲೇ ಬಂದಾಗಿತ್ತು. ಟಾಟನ್‌ಹ್ಯಾಮ್ ಕಥೆ ಇದಕ್ಕೆ ತದ್ವಿರುದ್ಧ. ಆ ಇಡೀ ಸೀಸನ್‌ನಲ್ಲಿ, ಬೇಸಿಗೆಯಲ್ಲೂ ಜನವರಿಯಲ್ಲೂ, ಅವರು ಒಬ್ಬೇ ಒಬ್ಬ ಆಟಗಾರನನ್ನೂ ಕೊಂಡುಕೊಳ್ಳಲಿಲ್ಲ. ಹೊಸ ಸ್ಟೇಡಿಯಂ ಕೆಲಸ ತಡವಾಗಿ, ಏಪ್ರಿಲ್‌ವರೆಗೂ ವೆಂಬ್ಲಿಯನ್ನೇ ತವರು ಮಾಡಿಕೊಂಡು ಆಡಿದರು. ಕೋಚ್ ಮೌರಿಸಿಯೊ ಪೊಚೆಟ್ಟಿನೊ ಇದ್ದವರಲ್ಲೇ ಸಂಸಾರ ತೂಗಿಸಿದರು.

ಗುಂಪು ಹಂತ ಇಬ್ಬರಿಗೂ ಕಷ್ಟದ್ದೇ. ಗುಂಪಿನ ನಾಲ್ಕು ತಂಡದಲ್ಲಿ ಮೊದಲ ಎರಡಕ್ಕೆ ಮಾತ್ರ ನಾಕೌಟ್. ಲಿವರ್‌ಪೂಲ್ ಜೊತೆ ಪಿಎಸ್‌ಜಿ, ನಾಪೊಲಿ, ರೆಡ್ ಸ್ಟಾರ್ ಬೆಲ್‌ಗ್ರೇಡ್. ಹೊರಗೆ ಆಡಿದ ಮೂರೂ ಪಂದ್ಯ ಸೋತರು, ಮೂರೂ! ಟಾಟನ್‌ಹ್ಯಾಮ್ ಗುಂಪಿನಲ್ಲಿ ಬಾರ್ಸಿಲೋನಾ, ಇಂಟರ್ ಮಿಲಾನ್, ಪಿಎಸ್‌ವಿ. ಮೊದಲ ಮೂರು ಪಂದ್ಯ ಮುಗಿದಾಗ ಅವರ ಕೈಲಿ ಇದ್ದದ್ದು ಒಂದು ಪಾಯಿಂಟ್. ಆಮೇಲೆ ಪಿಎಸ್‌ವಿ ಎದುರು 78 ಮತ್ತು 89ನೇ ನಿಮಿಷದಲ್ಲಿ ಹ್ಯಾರಿ ಕೇನ್ ಗೋಲು ಹೊಡೆದು ಗೆಲ್ಲಿಸಿದ. ಇಂಟರ್ ಎದುರು 80ನೇ ನಿಮಿಷದಲ್ಲಿ ಎರಿಕ್ಸನ್. ಎಲ್ಲವೂ ಕೊನೇ ಗಳಿಗೆಯಲ್ಲೇ.

ಈಗ ಡಿಸೆಂಬರ್ 11ರ ರಾತ್ರಿ ನೋಡಿ. ಎರಡು ತಂಡಕ್ಕೂ ಅದು ಗುಂಪಿನ ಕೊನೇ ಪಂದ್ಯ, ಒಂದೇ ಹೊತ್ತಿಗೆ. ಲಿವರ್‌ಪೂಲ್‌ನ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ ನಾಪೊಲಿ ಎದುರು ಸಲಾ ಗೋಲಿನಿಂದ ಲಿವರ್‌ಪೂಲ್ 1-0 ಮುಂದೆ. ಬಾರ್ಸಿಲೋನಾದಲ್ಲಿ ಟಾಟನ್‌ಹ್ಯಾಮ್ 1-0 ಹಿಂದೆ. 85ನೇ ನಿಮಿಷದಲ್ಲಿ ಕೇನ್ ಕೊಟ್ಟ ಪಾಸ್‌ಗೆ ಲೂಕಾಸ್ ಮೌರಾ ಕಾಲು ಕೊಟ್ಟ, 1-1. ಇತ್ತ ಆನ್‌ಫೀಲ್ಡ್‌ನಲ್ಲಿ ಹೆಚ್ಚುವರಿ ನಿಮಿಷಗಳಲ್ಲಿ ನಾಪೊಲಿಯ ಮಿಲಿಕ್‌ಗೆ ಗೋಲಿನ ಮುಂದೆಯೇ ಚೆಂಡು ಸಿಕ್ಕಿತು. ಅಲಿಸನ್ ನುಗ್ಗಿ ಬಂದು ಮೈಯೊಡ್ಡಿ ತಡೆದ.

[ಪರದೆ: ಎರಡೂ ಗುಂಪಿನ ಅಂತಿಮ ಪಟ್ಟಿ]

ಲಿವರ್‌ಪೂಲ್ 9 ಪಾಯಿಂಟ್, ನಾಪೊಲಿ 9 ಪಾಯಿಂಟ್. ಇಬ್ಬರೂ ಪರಸ್ಪರ 1-0 ಗೆದ್ದಿದ್ದಾರೆ. ಗೋಲು ವ್ಯತ್ಯಾಸವೂ ಇಬ್ಬರದೂ +2. ಕೊನೆಗೆ ನೋಡಿದ್ದು ಒಟ್ಟು ಎಷ್ಟು ಗೋಲು ಹೊಡೆದಿದ್ದಾರೆ ಅಂತ. ಲಿವರ್‌ಪೂಲ್ 9, ನಾಪೊಲಿ 7. ಮಿಲಿಕ್‌ನ ಆ ಹೊಡೆತ ಒಳಗೆ ಹೋಗಿದ್ದಿದ್ದರೆ ಲಿವರ್‌ಪೂಲ್ ಹೊರಗೆ, ಮುಂದಿನ ಯಾವ ಕಥೆಯೂ ಇಲ್ಲ.

ಟಾಟನ್‌ಹ್ಯಾಮ್ 8, ಇಂಟರ್ 8. ಪರಸ್ಪರ ಆಡಿದ ಎರಡು ಪಂದ್ಯ ಕೂಡಿಸಿದರೆ 2-2. ಆದರೆ ಸೆಪ್ಟೆಂಬರ್‌ನಲ್ಲಿ ಮಿಲಾನ್‌ನಲ್ಲಿ 2-1 ಸೋತಾಗ ಎರಿಕ್ಸನ್ ಒಂದು ಗೋಲು ಹೊಡೆದಿದ್ದ. ಇಂಟರ್ ವೆಂಬ್ಲಿಯಲ್ಲಿ ಒಂದೂ ಹೊಡೆದಿರಲಿಲ್ಲ. ಸೋತ ಪಂದ್ಯದ ಗೋಲೊಂದು ಮೂರು ತಿಂಗಳ ಮೇಲೆ ಟಾಟನ್‌ಹ್ಯಾಮ್‌ನ್ನ ಉಳಿಸಿತು. ಅವೇ ಗೋಲ್ ಅವರ ಕೈ ಹಿಡಿದದ್ದು ಇದು ಮೊದಲ ಸಲ. ಇನ್ನೂ ಎರಡು ಸಲ ಬರುತ್ತೆ.

[ಪರದೆ: 16ರ ಘಟ್ಟ]

ಟಾಟನ್‌ಹ್ಯಾಮ್ ಡಾರ್ಟ್‌ಮಂಡ್ ತಂಡವನ್ನ 3-0, 1-0 ಅಂತರದಲ್ಲಿ ಸಲೀಸಾಗಿ ದಾಟಿತು. ಅಲ್ಲಿ ನಿಲ್ಲೋದು ಬೇಡ.

ಲಿವರ್‌ಪೂಲ್‌ಗೆ ಸಿಕ್ಕಿದ್ದು ಬಯರ್ನ್ ಮ್ಯೂನಿಕ್. ಆನ್‌ಫೀಲ್ಡ್‌ನಲ್ಲಿ 0-0. ಮರುದಿನ ತುಂಬಾ ಜನ ಲಿವರ್‌ಪೂಲ್‌ಗೆ ಹಿನ್ನಡೆ ಅಂದರು. ನಿಯಮ ಇಟ್ಟುಕೊಂಡು ನೋಡಿದರೆ ಅದು ಹಿನ್ನಡೆಯೇ ಅಲ್ಲ. ತವರಿನಲ್ಲಿ ಗೋಲು ಬಿಟ್ಟುಕೊಟ್ಟಿಲ್ಲ ಅಂದಮೇಲೆ ಮ್ಯೂನಿಕ್‌ನಲ್ಲಿ ಗೋಲು ಬಂದ ಯಾವುದೇ ಡ್ರಾ ಲಿವರ್‌ಪೂಲ್‌ಗೇ ಗೆಲುವು. ಅಲ್ಲಿ 26ನೇ ನಿಮಿಷದಲ್ಲಿ ವಾನ್ ಡೈಕ್‌ನ ಉದ್ದದ ಪಾಸ್ ಹಿಡಿದು, ಗೋಲು ಬಿಟ್ಟು ಓಡಿಬಂದ ನೊಯರ್‌ನ ಸುತ್ತ ತಿರುಗಿ, ಸಾಡಿಯೊ ಮಾನೆ ಚೆಂಡನ್ನ ಮೆಲ್ಲಗೆ ಎತ್ತಿ ಹಾಕಿದ. ಮಟೀಪ್‌ನ ಸ್ವಂತ ಗೋಲಿನಿಂದ 1-1 ಆಯಿತು ನಿಜ. ಆದರೆ ವಿರಾಮದಲ್ಲಿ ಸಮಬಲದಲ್ಲಿದ್ದರೂ ಬಯರ್ನ್ ಹೊರಬಿದ್ದ ಹಾಗೇ ಇತ್ತು, ಗೋಲಿಗಾಗಿ ಮುನ್ನುಗ್ಗಲೇಬೇಕು. ಹಾಗೆ ನುಗ್ಗಿದವರ ಎದುರು ವಾನ್ ಡೈಕ್ ಒಂದು, ಮಾನೆ ಇನ್ನೊಂದು. 3-1. ಮಾನೆಯ ಆ ಮೊದಲ ಗೋಲನ್ನ ಬಿಡುವಿದ್ದಾಗ ಒಮ್ಮೆ ಹುಡುಕಿ ನೋಡಿ, ಎಷ್ಟು ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಟೊ. ಒಟ್ಟು 6-1. ಮುಗಿಯಿತು.

[ಪರದೆ: ಏಪ್ರಿಲ್ 17, 2019. ಎತಿಹಾದ್ ಸ್ಟೇಡಿಯಂ, ಮ್ಯಾಂಚೆಸ್ಟರ್]

ಟಾಟನ್‌ಹ್ಯಾಮ್‌ನ ಕ್ವಾರ್ಟರ್ ಫೈನಲ್ ಮ್ಯಾಂಚೆಸ್ಟರ್ ಸಿಟಿ ಎದುರು. ಆಗಷ್ಟೇ ತೆರೆದಿದ್ದ ಹೊಸ ಸ್ಟೇಡಿಯಂನಲ್ಲಿ ಮೊದಲ ಲೆಗ್. ಸಿಟಿಯ ಅಗ್ವೆರೊನ ಪೆನಾಲ್ಟಿಯನ್ನ ಟಾಟನ್‌ಹ್ಯಾಮ್ ಗೋಲ್‌ಕೀಪರ್ ಯೊರಿಸ್ ತಡೆದ, ಸನ್ ಹ್ಯೂಂಗ್-ಮಿನ್ ಗೋಲು ಹೊಡೆದ, 1-0. ಆದರೆ ಕೇನ್ ಕಾಲಿನ ಗಾಯಕ್ಕೆ ಹೊರಗೆ ಹೋದ, ಫೈನಲ್‌ವರೆಗೂ ಮರಳಲಿಲ್ಲ. ಇದನ್ನ ನೆನಪಿಟ್ಟುಕೊಳ್ಳಿ.

ಎರಡನೇ ಲೆಗ್‌ನ ಮೊದಲ 21 ನಿಮಿಷದಲ್ಲಿ ಐದು ಗೋಲು! ಸ್ಟರ್ಲಿಂಗ್, ಸನ್, ಸನ್, ಬರ್ನಾರ್ಡೊ ಸಿಲ್ವಾ, ಮತ್ತೆ ಸ್ಟರ್ಲಿಂಗ್. ಸನ್‌ನ ಆ ಎರಡು ಗೋಲಿನ ಬೆಲೆ ನೋಡಿ. ಟಾಟನ್‌ಹ್ಯಾಮ್ ಪಂದ್ಯದಲ್ಲಿ ಹಿಂದಿದ್ದರೂ ಒಟ್ಟು ಲೆಕ್ಕ 3-3, ಹೊರಗಿನ ಗೋಲು ಎರಡು. ಸಿಟಿಗೆ ಇನ್ನೊಂದು ಗೋಲು ಬೇಕೇ ಬೇಕು. 59ನೇ ನಿಮಿಷದಲ್ಲಿ ಅಗ್ವೆರೊ ಹೊಡೆದ, 4-2. ಈಗ ಸಿಟಿ ಮುಂದೆ. 73ನೇ ನಿಮಿಷದಲ್ಲಿ ಕಾರ್ನರ್ ಬಂತು. ಬದಲಿ ಆಟಗಾರ ಯೊರೆಂಟೆಯ ಸೊಂಟಕ್ಕೆ ತಾಗಿ ಚೆಂಡು ಒಳಗೆ. ಕೈ ತಾಗಿತ್ತಾ ಅಂತ ರೆಫರಿ ಮಾನಿಟರ್ ನೋಡಿ ಬಂದು ಗೋಲು ಕೊಟ್ಟರು. ಒಟ್ಟು 4-4, ಅವೇ ಗೋಲ್‌ನಲ್ಲಿ ಟಾಟನ್‌ಹ್ಯಾಮ್ ಮುಂದೆ.

93ನೇ ನಿಮಿಷ. ಸ್ಟರ್ಲಿಂಗ್ ಚೆಂಡನ್ನ ಬಲೆಗೆ ಹೊಡೆದ. ಇಡೀ ಕ್ರೀಡಾಂಗಣ ಎದ್ದು ನಿಂತಿತು, ಸಿಟಿ ಕೋಚ್ ಗಾರ್ಡಿಯೊಲಾ ಗೆರೆಯುದ್ದಕ್ಕೂ ಓಡಿದರು. ಅಷ್ಟರಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಪರಿಶೀಲಿಸೋದು. ಎರಿಕ್ಸನ್ ಹಿಂದಕ್ಕೆ ಕೊಟ್ಟ ಚೆಂಡು ಬರ್ನಾರ್ಡೊ ಸಿಲ್ವಾಗೆ ತಾಗಿ ಅಗ್ವೆರೊ ಕಡೆ ಹೋಗಿತ್ತು, ಅಗ್ವೆರೊ ಆಫ್‌ಸೈಡ್. ಗೋಲು ರದ್ದು. ಚಾಂಪಿಯನ್ಸ್ ಲೀಗ್‌ಗೆ ವಿಎಆರ್ ಬಂದದ್ದೇ ಆ ವರ್ಷದ ನಾಕೌಟ್‌ನಿಂದ. ಒಂದು ವರ್ಷ ಮೊದಲಾಗಿದ್ದರೆ ಅದನ್ನ ಹೀಗೆ ಪರಿಶೀಲಿಸೋ ವ್ಯವಸ್ಥೆಯೇ ಇರಲಿಲ್ಲ.

[ಪರದೆ: ಮೇ 7, ಆನ್‌ಫೀಲ್ಡ್]

ಸೆಮಿಫೈನಲ್. ಬಾರ್ಸಿಲೋನಾದಲ್ಲಿ ಲಿವರ್‌ಪೂಲ್ 3-0 ಸೋಲು. ಸುವಾರೆಜ್ ಒಂದು, ಮೆಸ್ಸಿ ಎರಡು. ಮೆಸ್ಸಿಯ ಆ ಫ್ರೀ ಕಿಕ್ ಬಾರ್ಸಿಲೋನಾ ಪರ ಅವನ 600ನೇ ಗೋಲು. ಆದರೆ ಕೊನೇ ಕ್ಷಣದಲ್ಲಿ ಡೆಂಬೆಲೆ ಸುಲಭದ ಅವಕಾಶವನ್ನ ಅಲಿಸನ್ ಕೈಗೇ ಕೊಟ್ಟುಬಿಟ್ಟ. 4-0 ಆಗಬೇಕಿದ್ದದ್ದು 3-0ಕ್ಕೆ ನಿಂತಿತು.

ಎರಡನೇ ಲೆಗ್‌ಗೆ ಸಲಾ ಇಲ್ಲ, ಫರ್ಮಿನೊ ಇಲ್ಲ. ಲೆಕ್ಕ ಹೀಗಿತ್ತು: ಬಾರ್ಸಿಲೋನಾ ಒಂದೇ ಒಂದು ಗೋಲು ಹೊಡೆದರೆ ಲಿವರ್‌ಪೂಲ್‌ಗೆ ಐದು ಬೇಕು. ಹಾಗಾಗಿ ಆ ರಾತ್ರಿ ಲಿವರ್‌ಪೂಲ್‌ನ ಗೋಲುಗಳನ್ನ ಹೊಗಳುವವರು ಅಲಿಸನ್‌ನನ್ನೂ ಅಷ್ಟೇ ಹೊಗಳಬೇಕು. ಮೆಸ್ಸಿ, ಆಲ್ಬಾ, ಸುವಾರೆಜ್, ಮೂವರನ್ನೂ ತಡೆದ.

ಏಳನೇ ನಿಮಿಷಕ್ಕೇ ಒರಿಗಿ ಒಂದು ಹೊಡೆದ. ವಿರಾಮದಲ್ಲಿ ರಾಬರ್ಟ್‌ಸನ್ ಗಾಯಗೊಂಡು ಹೊರಗೆ, ಅವನ ಬದಲು ವೈನಾಲ್ಡಮ್ ಒಳಗೆ. ಯೋಜನೆ ಮಾಡಿ ತಂದ ಬದಲಾವಣೆ ಅಲ್ಲ ಅದು, ಅನಿವಾರ್ಯ. ಬಂದವನು 54 ಮತ್ತು 56ನೇ ನಿಮಿಷದಲ್ಲಿ ಎರಡು ಗೋಲು ಹೊಡೆದು ಲೆಕ್ಕ ಸಮ ಮಾಡಿದ. ಬಾರ್ಸಿಲೋನಾ ಆಟಗಾರರ ಮುಖ ಅಲ್ಲೇ ಬಿದ್ದುಹೋಗಿತ್ತು. ಹಿಂದಿನ ವರ್ಷವಷ್ಟೇ ರೋಮ್‌ನಲ್ಲಿ 3-0 ಸೋತು, 4-1ರ ಮುನ್ನಡೆ ಕಳೆದುಕೊಂಡು, ಅವೇ ಗೋಲ್‌ನಿಂದಲೇ ಹೊರಬಿದ್ದವರು ಅವರು.

79ನೇ ನಿಮಿಷ. ಬಲಗಡೆ ಕಾರ್ನರ್. 20 ವರ್ಷದ ಟ್ರೆಂಟ್ ಅಲೆಕ್ಸಾಂಡರ್-ಆರ್ನಲ್ಡ್ ಚೆಂಡು ಬಿಟ್ಟು ಎರಡು ಹೆಜ್ಜೆ ಆಚೆ ಹೋದ. ಬಾರ್ಸಿಲೋನಾದವರು ಇನ್ನೂ ತಮ್ಮ ತಮ್ಮ ಜಾಗ ಹುಡುಕ್ತಿದ್ದರು, ಚೆಂಡಿನ ಕಡೆ ನೋಡ್ತಿದ್ದವರೇ ಕಡಿಮೆ. ಟ್ರೆಂಟ್ ತಟ್ಟನೆ ತಿರುಗಿ ನೆಲಮಟ್ಟದಲ್ಲೇ ಹೊಡೆದ, ಒರಿಗಿ ಒಳಗೆ ಸೇರಿಸಿದ. 4-0.

[ಪರದೆ: ಮೇ 8, ಆಮ್‌ಸ್ಟರ್‌ಡ್ಯಾಮ್]

ಮರುದಿನವೇ ಟಾಟನ್‌ಹ್ಯಾಮ್ ಸರದಿ. ಎದುರಾಳಿ ಅಯಾಕ್ಸ್, ರಿಯಲ್ ಮ್ಯಾಡ್ರಿಡ್ ಮತ್ತು ಯುವೆಂಟಸ್ ಎರಡನ್ನೂ ಅವರ ನೆಲದಲ್ಲೇ ಸೋಲಿಸಿ ಬಂದ ಹುಡುಗರ ತಂಡ. ಲಂಡನ್‌ನಲ್ಲಿ ಅಯಾಕ್ಸ್ 1-0 ಗೆದ್ದಿತ್ತು. ಇಲ್ಲಿ ವಿರಾಮಕ್ಕೆ ಡಿ ಲಿಕ್ಟ್, ಝಿಯೆಕ್ ಗೋಲುಗಳಿಂದ 2-0. ಒಟ್ಟು 3-0. ಉಳಿದಿರೋದು 45 ನಿಮಿಷ, ಬೇಕಿರೋದು ಮೂರು ಗೋಲು.

ಪೊಚೆಟ್ಟಿನೊ ಮಿಡ್‌ಫೀಲ್ಡರ್ ವನ್ಯಾಮನನ್ನ ತೆಗೆದು ಎತ್ತರದ ಯೊರೆಂಟೆಯನ್ನ ಮುಂದೆ ನಿಲ್ಲಿಸಿದರು. ಉದ್ದದ ಚೆಂಡು ಅವನ ತಲೆಗೆ, ಅಲ್ಲಿಂದ ಚೆದುರಿದ್ದು ಮೌರಾ, ಆಲಿ, ಸನ್ ಕಾಲಿಗೆ. ಸರಳವಾದ ಉಪಾಯ. ಅಯಾಕ್ಸ್‌ಗೆ ಕೊನೆವರೆಗೂ ಉತ್ತರ ಸಿಗಲಿಲ್ಲ. 55 ಮತ್ತು 59ನೇ ನಿಮಿಷದಲ್ಲಿ ಮೌರಾ. ಎರಡನೆಯದಂತೂ ಗೋಲಿನ ಮುಂದೆ ಕಾಲುಗಳ ಕಾಡಿನ ನಡುವೆ ಸುತ್ತಿ ತಿರುಗಿ ಹೊಡೆದದ್ದು. ಆಮೇಲೆ ಝಿಯೆಕ್‌ನ ಹೊಡೆತ ಕಂಬಕ್ಕೆ, ಆ ಕಡೆ ವೆರ್ಟೊಂಗನ್‌ನ ಹೆಡರ್ ಅಡ್ಡಪಟ್ಟಿಗೆ. ಹೆಚ್ಚುವರಿ ಐದು ನಿಮಿಷವೂ ಮುಗಿಯುವ ಹೊತ್ತಿಗೆ ಇನ್ನೊಂದು ಉದ್ದದ ಚೆಂಡು, ಆಲಿ ಮೆಲ್ಲಗೆ ಮುಂದಕ್ಕೆ ತಳ್ಳಿದ, ಮೌರಾ ಎಡಗಾಲಲ್ಲಿ ಹೊಡೆದ. ಒಟ್ಟು 3-3. ಹೊರಗಿನ ಗೋಲು ಟಾಟನ್‌ಹ್ಯಾಮ್ ಮೂರು, ಅಯಾಕ್ಸ್ ಒಂದು. ಪೊಚೆಟ್ಟಿನೊ ಮೈದಾನದಲ್ಲೇ ಅತ್ತರು.

[ಪರದೆ: ಇವತ್ತಿನ ನಿಯಮದಲ್ಲಾಗಿದ್ದರೆ?]

2021-22ರಿಂದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಎಫಾ ಅವೇ ಗೋಲ್ ನಿಯಮ ತೆಗೆದುಹಾಕಿತು. ಅದು ಮೊದಲೇ ಹೋಗಿದ್ದಿದ್ದರೆ? ಗುಂಪಿನಲ್ಲಿ ಟಾಟನ್‌ಹ್ಯಾಮ್ ಹೇಗೂ ದಾಟ್ತಿತ್ತು. ಗೋಲು ವ್ಯತ್ಯಾಸ ಇಬ್ಬರದೂ -1, ಆದರೆ ಹೊಡೆದ ಗೋಲು ಇಂಟರ್‌ನ 6ಕ್ಕೆ ಇವರದು 9. ಎತಿಹಾದ್‌ನಲ್ಲಿ ಮಾತ್ರ ಲೆಕ್ಕ ಸಮ ಅಂತ ಇನ್ನೂ 30 ನಿಮಿಷ ಆಡಬೇಕಾಗ್ತಿತ್ತು, ಕೇನ್ ಇಲ್ಲದೆ, ಸಿಟಿಯ ನೆಲದಲ್ಲಿ. ಅಲ್ಲಿ ಟಾಟನ್‌ಹ್ಯಾಮ್ ಉಳೀತಿತ್ತು ಅಂತ ನನಗನ್ನಿಸಲ್ಲ. ಆ ನಿಯಮ ನ್ಯಾಯವಾಗಿತ್ತಾ ಅಂತ ವಾದ ಮಾಡಬಹುದು. ಆದರೆ ಒಂದೇ ಗೋಲಿಗೆ ಇಡೀ ಲೆಕ್ಕ ತಲೆಕೆಳಗಾಗೋ ಆ ರೋಮಾಂಚನ ಹೋಯಿತಲ್ಲ ಅಂತ ನನಗೆ ಈಗಲೂ ಸಂಕಟ ಆಗುತ್ತೆ.

[ಪರದೆ: ಜೂನ್ 1, ವಾಂಡಾ ಮೆಟ್ರೊಪೊಲಿಟಾನೊ]

ಫೈನಲ್‌ಗೆ ಎರಡನೇ ಲೆಗ್ ಇಲ್ಲ. ಅದರ ಮೇಲೆ ಪ್ರೀಮಿಯರ್ ಲೀಗ್ ಮುಗಿದು ಸುಮಾರು ಮೂರು ವಾರ ಆಗಿತ್ತು, ಇಬ್ಬರ ಕಾಲಲ್ಲೂ ಹಿಂದಿನ ಚುರುಕು ಕಾಣಲಿಲ್ಲ. ಪಂದ್ಯ ಶುರುವಾಗಿ ಅರ್ಧ ನಿಮಿಷ ಆಗುವ ಮೊದಲೇ ಮಾನೆ ಹೊಡೆದ ಚೆಂಡು ಸಿಸೊಕೊ ತೋಳಿಗೆ ತಾಗಿ ಪೆನಾಲ್ಟಿ. ಸಲಾ 1-0. 87ನೇ ನಿಮಿಷದಲ್ಲಿ ಒರಿಗಿ 2-0. ಲಿವರ್‌ಪೂಲ್‌ಗೆ ಆರನೇ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೇ ಹೆಸರು).

ಅವತ್ತು ಪೊಚೆಟ್ಟಿನೊ ಏಪ್ರಿಲ್ 9ರಿಂದ ಆಡದೇ ಇದ್ದ ಕೇನ್‌ನನ್ನ ಮೊದಲಿಂದಲೇ ಇಳಿಸಿದರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೂರು ಗೋಲು ಹೊಡೆದ ಮೌರಾ ಬೆಂಚಿನಲ್ಲಿ ಕೂತಿದ್ದು, 66ನೇ ನಿಮಿಷಕ್ಕೆ ಒಳಗೆ ಬಂದ. ಕೇನ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾನಾಗಿದ್ದರೆ ಮೌರಾನನ್ನ ಆಡಿಸಿ, ಕೇನ್‌ನನ್ನ ಕೊನೇ ಅರ್ಧ ಗಂಟೆಗೆ ಇಟ್ಟುಕೊಳ್ತಿದ್ದೆ. ನೀವು ಏನು ಮಾಡ್ತಿದ್ದಿರಿ? ಕಾಮೆಂಟ್‌ನಲ್ಲಿ ಕಾರಣ ಸಮೇತ ಬರೀರಿ, ಓದಿ ಉತ್ತರ ಕೊಡ್ತೀನಿ.