ಬಣ್ಣಕ್ಕೂ ಮೊದಲು ಗೋಡೆ

ಕೇಳುಗರೆಲ್ಲರಿಗೂ ನಮಸ್ಕಾರ.

ದಸರಾ, ದೀಪಾವಳಿ ಹತ್ತಿರ ಬಂದಂತೆ ಮನೆಮನೆಯಲ್ಲೂ ಶೇಡ್ ಕಾರ್ಡ್ ಬಿಚ್ಚಿಕೊಳ್ಳುತ್ತದೆ. ಪಡಸಾಲೆಗೆ ತಿಳಿ ಹಳದಿಯೋ ಕೆನೆ ಬಣ್ಣವೋ ಎಂದು ವಾರಗಟ್ಟಲೆ ಮಾತು ನಡೆಯುತ್ತದೆ. ಗೋಡೆಯ ಯೋಗಕ್ಷೇಮವನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಇವತ್ತು ನಾನು ಆ ಗೋಡೆಯ ಪರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ನಡುಮನೆಯ ಒಂದು ಗೋಡೆಯ ಆಚೆ ಬದಿಗೆ ಬಚ್ಚಲಿದೆ. ಆ ಗೋಡೆಯಲ್ಲಿ ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಗುಳ್ಳೆ ಎದ್ದು ಉದುರುತ್ತಿತ್ತು. ಎರಡು ವರ್ಷ, ಎರಡು ಹಬ್ಬಕ್ಕೆ, ಕೆರೆದು ಪುಟ್ಟಿ ತುಂಬಿ ಬಣ್ಣ ಹಚ್ಚಿಸಿದೆವು. ಎರಡು ಸಲವೂ ಕೆಲವೇ ತಿಂಗಳಲ್ಲಿ ಬಿಳಿ ಉಪ್ಪಿನ ಪುಡಿ ಬಣ್ಣವನ್ನು ತಳ್ಳಿಕೊಂಡು ಹೊರಬಂದಿತು. ಮೂರನೆಯ ವರ್ಷ ಬಂದ ವಯಸ್ಸಾದ ಪೇಂಟರ್ ಬಣ್ಣದ ಡಬ್ಬವನ್ನು ತೆರೆಯಲೇ ಇಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, "ನಾಳೆ ಬಂದು ನೋಡುತ್ತೇನಮ್ಮ" ಎಂದು ಹೊರಟರು. ಮರುದಿನ ಹಾಳೆಯ ಒಳಮೈ ತುಂಬ ನೀರಿನ ಹನಿ. ಬಚ್ಚಲಿನ ಪೈಪಿನ ಜೋಡಣೆಯೊಂದು ಗೋಡೆಯೊಳಗೇ ಜಿನುಗುತ್ತಿತ್ತು. ಪ್ಲಂಬರ್ ಬಂದು ಅದನ್ನು ಸರಿಮಾಡಿದ ಮೇಲೆ ಗೋಡೆಯನ್ನು ಒಣಗಲು ಬಿಟ್ಟೆವು. ಆ ವರ್ಷದ ಹಬ್ಬ ಬೋಳು ಗೋಡೆಯ ಮುಂದೆಯೇ ನಡೆಯಿತು. ಆಮೇಲೆ ಹಚ್ಚಿದ ಬಣ್ಣ ಇವತ್ತಿಗೂ ಬಿಟ್ಟಿಲ್ಲ.

ಹಾಗಾಗಿ ಮೊದಲ ಕೆಲಸ ತೇವದ ಮೂಲವನ್ನು ಹುಡುಕುವುದು. ತಾರಸಿಯ ಬಿರುಕು, ಕಿಟಕಿಯ ಸಜ್ಜೆ, ಬಚ್ಚಲಿನ ಟೈಲ್ಸ್ ಸಂದು, ಎಲ್ಲವನ್ನೂ ನೋಡಿ. ಗೋಡೆಯ ಮೇಲಿನ ಉಪ್ಪನ್ನು ಒಣ ಬ್ರಷ್‌ನಿಂದಲೇ ಉದುರಿಸಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಮಲೆನಾಡಿನವರಿಗೆ, ಕರಾವಳಿಯವರಿಗೆ ಒಂದು ವಿಶೇಷ ವಿನಂತಿ: ಮಳೆ ನಿಂತ ಮರುವಾರವೇ ಬಣ್ಣಕ್ಕೆ ಕೈ ಹಾಕಬೇಡಿ. ತಿಂಗಳುಗಟ್ಟಲೆ ನೆಂದ ಗೋಡೆಗೆ ಬಿಸಿಲು, ಗಾಳಿ ಬೇಕು. ಬೂಷ್ಟು ಹಿಡಿದಿದ್ದರೆ ಬ್ಲೀಚಿಂಗ್ ಪೌಡರ್ ಕರಗಿಸಿದ ನೀರಿನಿಂದ ಉಜ್ಜಿ, ತೊಳೆದು, ಒಣಗಿಸಿ. ಆ ನೀರಿಗೆ ಶೌಚಾಲಯ ತೊಳೆಯುವ ಆಸಿಡ್ ಬೆರೆಸಲೇಬಾರದು, ವಿಷಗಾಳಿ ಏಳುತ್ತದೆ.

ಇನ್ನು ಹಳೆಯ ಸುಣ್ಣದ ಗೋಡೆ. ಅಂಗೈಯಿಂದ ಒಮ್ಮೆ ಸವರಿ. ಕೈಗೆ ಬಿಳಿ ಹತ್ತಿದರೆ ಆ ಸುಣ್ಣವನ್ನು ಪೂರ್ತಿ ಕೆರೆದು ತೆಗೆಯಲೇಬೇಕು. ಎಮಲ್ಶನ್, ಅಂದರೆ ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ, ಒಣಗುವಾಗ ಪೊರೆಯಾಗಿ ಬಿಗಿದುಕೊಳ್ಳುತ್ತದೆ. ಅಡಿಯಲ್ಲಿರುವ ಸುಣ್ಣಕ್ಕೇ ಹಿಡಿತವಿಲ್ಲದಿದ್ದರೆ ಎರಡೂ ಸೇರಿ ಹಪ್ಪಳದಂತೆ ಏಳುತ್ತವೆ. ಹಾಗೆಯೇ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ಕೇಳಿ. ಪೊಳ್ಳು ಸದ್ದು ಬಂದಲ್ಲಿ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ. ಅದನ್ನು ಒಡೆದು ಹೊಸ ಗಾರೆ ಮಾಡಿಸಿ. ಹೊಸ ಸಿಮೆಂಟ್ ಗಾರೆಗೆ ಕಡಿಮೆಯೆಂದರೂ 28 ದಿನ ಬಿಡಬೇಕು.

ಅಡುಗೆಮನೆಯ ಜಿಡ್ಡು, ದೇವರ ಗೂಡಿನ ಮೇಲೆ ವರ್ಷಗಳಿಂದ ಕೂತ ದೀಪದ ಮಸಿ ಎರಡನ್ನೂ ವಾಷಿಂಗ್ ಸೋಡಾ ನೀರಿನಿಂದ ಒರೆಸಿ, ಮತ್ತೆ ಬರಿಯ ನೀರಿನಿಂದ ಒರೆಸಿ ತೆಗೆಯಿರಿ. ಎಣ್ಣೆಯ ಕಲೆ ಬಣ್ಣದ ಅಡಿಯಲ್ಲಿ ಸುಮ್ಮನಿರುವುದಿಲ್ಲ.

ಈಗ ಹೇಳುವುದನ್ನು ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಗಮನವಿಟ್ಟು ಕೇಳಿ. ಹಳೆಯ ಬಾಗಿಲು, ಕಿಟಕಿ, ಸರಳುಗಳ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ನೆಲಕ್ಕೆ ಬೀಳುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೆ ಹತ್ತುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ. ಬೆಳೆಯುವ ಮಿದುಳಿಗೆ ಅದು ಮಾಡುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಅಂಥ ಮರವನ್ನು ವಾಟರ್ ಪೇಪರ್, ಅಂದರೆ ನೀರಿಗೆ ಹಾಳಾಗದ ಮರಳು ಕಾಗದವನ್ನು ನೀರಿನಲ್ಲಿ ನೆನೆಸಿ ಅದರಿಂದ ಉಜ್ಜಿಸಿ, ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ. ಕೆಲಸ ಮುಗಿಯುವವರೆಗೆ ಬಸುರಿಯರೂ ಮಕ್ಕಳೂ ಬೇರೆ ಕಡೆ ಇರಲಿ. ಉಜ್ಜುವವರ ಶ್ವಾಸಕೋಶವೂ ನಮ್ಮದರಂತೆಯೇ ಮೃದುವಾದದ್ದು. ಅವರಿಗೆ ಒಳ್ಳೆಯ ಮಾಸ್ಕ್ ನೀವೇ ಕೊಡಿಸಿ. ಕೂಲಿ ಮಾತನಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಾಮಾನು ಸರಿಸುವ ಕೆಲಸ ನಿಮಗೆ ಗೊತ್ತಿರುವುದೇ. ಎಲ್ಲವನ್ನೂ ಕೋಣೆಯ ನಡುವೆ ಸೇರಿಸಿ ಹಳೆಯ ಸೀರೆ, ಬೆಡ್‌ಶೀಟ್ ಹೊದಿಸಿ. ಸ್ವಿಚ್ ಬೋರ್ಡಿನ ಮುಚ್ಚಳ ಸಡಿಲಿಸುವ ಮೊದಲು ಮೇನ್ ಆರಿಸಿ.

ಪುಟ್ಟಿಯನ್ನು ದಪ್ಪಗೆ ಒಂದೇ ಸಲ ಮೆತ್ತಿಸಬೇಡಿ. ತೆಳ್ಳಗೆ ಎರಡು ಸಲ, ನಡುವೆ ಒಣಗಲು ಸಮಯ. ಉಜ್ಜಿದ ಮೇಲೆ ಧೂಳು ಒರೆಸಿ ಪ್ರೈಮರ್, ಅಂದರೆ ಬಣ್ಣದ ಅಡಿಗೆ ಹಾಕುವ ತಳಪದರ, ಹಚ್ಚಲಿ. ಖರ್ಚು ಉಳಿಸಲು ಪ್ರೈಮರ್ ಬಿಟ್ಟರೆ ಪುಟ್ಟಿ ಬಣ್ಣದ ನೀರನ್ನು ಒಂದೊಂದು ಕಡೆ ಒಂದೊಂದು ರೀತಿ ಹೀರಿ ಗೋಡೆ ತೇಪೆ ತೇಪೆಯಾಗಿ ಕಾಣುತ್ತದೆ.

ಪ್ರೈಮರ್ ಒಣಗಿದ ರಾತ್ರಿ ಕೋಣೆಯ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಓರೆಯಾಗಿ ಹಿಡಿಯಿರಿ. ಹಗಲು ಕಾಣದ ಗುಂಡಿ, ಉಬ್ಬು, ಸ್ಕ್ರೇಪರ್ ಗೆರೆ ಎಲ್ಲವೂ ನೆರಳು ಬಿಟ್ಟು ಕಾಣಿಸಿಕೊಳ್ಳುತ್ತವೆ. ಪೆನ್ಸಿಲಿನಿಂದ ಸುತ್ತು ಹಾಕುತ್ತಾ ಹೋಗಿ, ಬೆಳಿಗ್ಗೆ ಪೇಂಟರ್‌ಗೆ ತೋರಿಸಿ. ಆ ಸುತ್ತುಗಳೆಲ್ಲ ತುಂಬಿ, ನಯವಾದ ಮೇಲೆ ಶೇಡ್ ಕಾರ್ಡ್ ಬಿಚ್ಚೋಣ.

ನಮಸ್ಕಾರ.