ಗಂಟು ಎಣಿಸಿ ವೇಗ ಹೇಳಿದವರು

ನಮಸ್ಕಾರ. ಇವತ್ತು ಇಂಗ್ಲಿಷಿನ ಒಂದೇ ಒಂದು ನುಡಿಗಟ್ಟು: 'ಅಟ್ ಎ ರೇಟ್ ಆಫ್ ನಾಟ್ಸ್'. ಬ್ರಿಟನ್ನಿನ ಜನ ಮಾತಿನ ಮಧ್ಯೆ ಸಲೀಸಾಗಿ ಬಳಸುತ್ತಾರೆ. ನಿಘಂಟು ತೆಗೆದರೆ 'ಬಹಳ ವೇಗವಾಗಿ' ಅಂತ ಅರ್ಥ ಸಿಗುತ್ತದೆ. ಅದನ್ನು ಉರು ಹೊಡೆದು ಮುಂದಕ್ಕೆ ಹೋಗುತ್ತೇವೆ. ಹಾಗೆ ಕಲಿತ ಮಾತು ನಾಲಿಗೆಗೆ ಹತ್ತುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆ ಹಗ್ಗವನ್ನು ಒಮ್ಮೆ ಕಣ್ಣಾರೆ ಕಂಡ ಹಾಗೆ ಆಗಬೇಕು.

ಹೌದು, ಹಗ್ಗ. 'ನಾಟ್' ಅಂದರೆ ಹಗ್ಗದ ಗಂಟು. ಹಾಯಿ ಹಡಗಿನ ಕಾಲ. ಸುತ್ತ ಬರೀ ನೀರು. ಹಡಗು ಎಷ್ಟು ಜೋರಾಗಿ ಹೋಗುತ್ತಿದೆ ಅಂತ ಅಳೆಯುವುದು ಹೇಗೆ? ಒಂದು ಮರದ ಹಲಗೆ ತಗೊಂಡರು. ಅದು ನೀರಿನಲ್ಲಿ ನೆಟ್ಟಗೆ ನಿಲ್ಲಲಿ ಅಂತ ಅಡಿಗೆ ಸೀಸದ ತೂಕ ಕೊಟ್ಟರು. ಅದಕ್ಕೆ ಉದ್ದ ಹಗ್ಗ, ಹಗ್ಗಕ್ಕೆ 47 ಅಡಿ 3 ಅಂಗುಲಕ್ಕೊಂದು ಗಂಟು. ಹಲಗೆಯನ್ನು ಹಿಂದಕ್ಕೆ ಎಸೆದರೆ ಅದು ನೀರಿನಲ್ಲಿ ಇದ್ದಲ್ಲೇ ಇರುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಸರಸರ ಬಿಚ್ಚಿಕೊಳ್ಳುತ್ತದೆ. ಒಬ್ಬನ ಕೈಯಲ್ಲಿ 28 ಸೆಕೆಂಡಿನ ಮರಳು ಗಡಿಯಾರ. ಮರಳು ಮುಗಿಯುವಷ್ಟರಲ್ಲಿ ಎಂಟು ಗಂಟು ಜಾರಿದರೆ ವೇಗ ಎಂಟು ನಾಟ್, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರ್. ನಮ್ಮ ಸೈಕಲ್ಲಿನ ವೇಗ!

ಆ ಹಲಗೆಯ ಹೆಸರು 'ಲಾಗ್'. ಲೆಕ್ಕ ಬರೆದಿಟ್ಟ ಪುಸ್ತಕ ಲಾಗ್ ಬುಕ್ ಆಯಿತು. ನಾವು ದಿನಾ ಮಾಡುವ ಲಾಗಿನ್ ಕೂಡ ಅಲ್ಲಿಂದಲೇ ಬಂದದ್ದು.

ಈಗ ಒಂದು ತಪ್ಪು ತಾನಾಗಿಯೇ ಬಿಟ್ಟುಹೋಗುತ್ತದೆ ನೋಡಿ. 'ಗಂಟೆಗೆ ಇಷ್ಟು ನಾಟ್' ಅಂತ ಹೇಳುವವರು ಜಾಸ್ತಿ. ನಾಟ್ ಅಂದರೇನೇ ಗಂಟೆಗೆ ಒಂದು ನಾವಿಕ ಮೈಲಿ, 1.852 ಕಿಲೋಮೀಟರ್. ಗಂಟೆ ಅದರೊಳಗೇ ಇದೆ, ಮತ್ತೆ ಸೇರಿಸಬೇಕಿಲ್ಲ ಅಲ್ವಾ?

ಬಳಸುವಾಗ ಈ ನುಡಿಗಟ್ಟು ಸಲುಗೆಯ ಮಾತು ಅನ್ನುವುದು ನೆನಪಿರಲಿ. ಕಚೇರಿಯ ವರದಿಗೆ ಹೊಂದುವುದಿಲ್ಲ. ಓಟಕ್ಕೆ, ಮಾತಿಗೆ, ಖರ್ಚಿಗೆ, ಎಲ್ಲಕ್ಕೂ ಬ್ರಿಟನ್ನಿನವರಿಗೆ ಇದೊಂದೇ ಸಾಕು. ಕನ್ನಡಕ್ಕೆ ತರುವಾಗ ಮಾತ್ರ 'ಬಹಳ ವೇಗವಾಗಿ' ಅಂತ ಸುಮ್ನೆ ಬರೆದು ಕೈತೊಳೆದುಕೊಳ್ಳಬೇಡಿ, ದಯವಿಟ್ಟು. ಓಡಿದವನು ಎದ್ದೆನೋ ಬಿದ್ದೆನೋ ಅಂತ ಓಡಲಿ. ಮಾತು ಅರಳು ಹುರಿದ ಹಾಗೆ ಬರಲಿ. ದುಡ್ಡು ನೀರಿನ ಹಾಗೆ ಹರಿಯಲಿ. ಮೊನ್ನೆ ತೊಟ್ಟಿಲಲ್ಲಿದ್ದ ಮಗು ನೋಡನೋಡುತ್ತಲೇ ಭುಜದೆತ್ತರಕ್ಕೆ ಬೆಳೆದು ನಿಲ್ಲಲಿ.